ಕಿರಣ್ ವಿಮಾನವನ್ನು ಮೊದಲು ಹಾರಿಸಿದ ಸುರಂಜನ್ ದಾಸ್

ವಯನಾಡಿನ ಗಡಿ ಊರುಗಳಿಂದ ಕೆಲಸಕ್ಕೆಂದು ಬೆಂಗಳೂರಿಗೆ ಹೋದ ಅನೇಕರಿಗೆ ಸುರಂಜನ್ ದಾಸ್ ರಸ್ತೆ ಗೊತ್ತು. ಹಳೆ ವಿಮಾನ ನಿಲ್ದಾಣ ರಸ್ತೆಯನ್ನು ಹಳೆ ಮದ್ರಾಸ್ ರಸ್ತೆಗೆ ಸೇರಿಸುವ ದಾರಿ ಅದು. ಆದರೆ ಆ ಹೆಸರಿನ ವ್ಯಕ್ತಿ ಯಾರೆಂದು ತಿಳಿದವರು ಕಡಿಮೆ.

ಸುರಂಜನ್ ದಾಸ್ 1920ರಲ್ಲಿ ಬಂಗಾಳಿ ಕುಟುಂಬದಲ್ಲಿ ಜನಿಸಿದರು. ತಂದೆ ಸುಧಿ ರಂಜನ್ ದಾಸ್ ಮುಂದೆ ಭಾರತದ ಮುಖ್ಯ ನ್ಯಾಯಾಧೀಶರಾದವರು. ಮಗ ಮಾತ್ರ ಕಾನೂನಿನ ಹಾದಿ ಹಿಡಿಯದೆ ಎರಡನೇ ಮಹಾಯುದ್ಧದ ಕಾಲದಲ್ಲಿ ವಾಯುಪಡೆ ಸೇರಿದರು. ಇಂಗ್ಲೆಂಡಿನಲ್ಲಿ ಪರೀಕ್ಷಾ ಪೈಲಟ್ ತರಬೇತಿ ಪಡೆದು, ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯ ಹೊಸ ವಿಮಾನಗಳನ್ನು ಹಾರಿಸುವ ಹೊಣೆ ಹೊತ್ತರು.

ಪರೀಕ್ಷಾ ಪೈಲಟ್ ಎಂದರೆ ಯಾರೂ ಹಾರಿಸದ ವಿಮಾನವನ್ನು ಮೊದಲು ಏರುವವನು. ಕಾಗದದ ಮೇಲಿನ ಲೆಕ್ಕ ತಪ್ಪಿದ್ದರೆ ಅದು ಮೊದಲು ತಿಳಿಯುವುದು ಆತನಿಗೇ. 1961ರ ಜೂನ್ 17ರಂದು ಜರ್ಮನಿಯ ಕುರ್ಟ್ ಟ್ಯಾಂಕ್ ವಿನ್ಯಾಸ ಮಾಡಿದ ಮಾರುತ್ ಯುದ್ಧವಿಮಾನವನ್ನು ದಾಸ್ ಮೊದಲ ಬಾರಿಗೆ ಹಾರಿಸಿದರು.

1964ರ ಸೆಪ್ಟೆಂಬರ್ 4ರಂದು ಸರದಿ ಕಿರಣ್ ವಿಮಾನದ್ದು. ಡಾ. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡ ಈ ಪುಟ್ಟ ಜೆಟ್ ತರಬೇತಿಗಾಗಿಯೇ ಇದ್ದದ್ದು. ಗುರು ಮತ್ತು ಶಿಷ್ಯ ಅಕ್ಕಪಕ್ಕ ಕುಳಿತು ಹಾರಿಸಬಹುದಿತ್ತು. ಯುದ್ಧವಿಮಾನ ಹಾರಿಸುವವನು ನುರಿತವನು, ಕಿರಣ್ ಏರುವವನು ಇನ್ನೂ ಕಲಿಯುವ ಹುಡುಗ. ಅವನು ತಪ್ಪು ಮಾಡಿದರೂ ವಿಮಾನ ಸಹಿಸಿಕೊಳ್ಳಬೇಕು. ಅದನ್ನು ಮೊದಲು ಆಕಾಶದಲ್ಲಿ ಒರೆಗೆ ಹಚ್ಚಿದವರು ದಾಸ್. ಮುಂದೆ ದಶಕಗಳ ಕಾಲ ವಾಯುಪಡೆಯ ಪೈಲಟ್‌ಗಳು ಕಿರಣ್‌ನಲ್ಲೇ ಜೆಟ್ ಹಾರಾಟ ಕಲಿತರು.

1970ರ ಜನವರಿ 10ರಂದು ಹೆಚ್ಚು ಶಕ್ತಿಯ ಎಂಜಿನ್ ಅಳವಡಿಸಿದ ಮಾರುತ್ ವಿಮಾನದ ಪರೀಕ್ಷೆಗೆ ಗ್ರೂಪ್ ಕ್ಯಾಪ್ಟನ್ ದಾಸ್ ಬೆಂಗಳೂರಿನಿಂದ ಮೇಲೇರಿದರು. ಸ್ವಲ್ಪದರಲ್ಲೇ ವಿಮಾನ ಪತನಗೊಂಡು ಅವರು ಮೃತಪಟ್ಟರು. ಐವತ್ತು ತುಂಬಲು ಕೆಲವೇ ವಾರಗಳಿದ್ದವು.

1996ರಲ್ಲಿ ಕರ್ನಾಟಕದ ಬೀದರ್‌ನಲ್ಲಿ ವಾಯುಪಡೆಯ ಸೂರ್ಯಕಿರಣ್ ತಂಡ ಆರಂಭವಾಯಿತು. ಸುಧಾರಿತ ಕಿರಣ್ ವಿಮಾನಗಳು, ಮುಂದೆ ಒಂಬತ್ತರ ಸಂಖ್ಯೆಯಲ್ಲಿ, ರೆಕ್ಕೆಗೆ ರೆಕ್ಕೆ ತಾಗುವಂತೆ ಹಾರಿ ಜನರ ಮನ ಗೆದ್ದವು. 2011ರವರೆಗೆ ತಂಡ ಕಿರಣ್‌ನಲ್ಲೇ ಹಾರಿತು, ನಂತರ ಹಾಕ್ ವಿಮಾನಗಳು ಬಂದವು.

ಆ ಪ್ರದರ್ಶನಗಳನ್ನು ನೋಡಲು ದಾಸ್ ಇರಲಿಲ್ಲ. ಆದರೆ ಅಷ್ಟೊಂದು ಪೈಲಟ್‌ಗಳು ಧೈರ್ಯದಿಂದ ನಂಬಿದ ಆ ವಿಮಾನವನ್ನು ಮೊದಲು ನಂಬಿ ಏರಿದವರು ಅವರೇ.