ನೋಟ್‌ಬುಕ್ಕನ್ನು ಮೆಷಿನ್‌ಗೆ ಓದಿಸಿದ ಗ್ರೇಸ್ ಹಾಪರ್

ನಮ್ಮೂರು ಬಿಳಿಚೋಡಿನಲ್ಲಿ ನಮ್ಮ ಮಾವನದು ಮೋಟರ್ ವೈಂಡಿಂಗ್ ಅಂಗಡಿ. ಜಗಳೂರು ಕಡೆ ಬೋರ್‌ವೆಲ್ಲೇ ಗತಿ, ಹಾಗಾಗಿ ಸುಟ್ಟ ಮೋಟರ್‌ಗಳಿಗೆ ಮಾತ್ರ ಬರ ಇಲ್ಲ. ಯಾವ ಮೋಟರ್‌ಗೆ ಎಷ್ಟು ಗೇಜಿನ ತಂತಿ, ಎಷ್ಟು ಸುತ್ತು ಅಂತ ಮಾವ ಒಂದು ಹಳೇ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದಾರೆ. ಹೋದ ರಜೆಯಲ್ಲಿ ಅದನ್ನು ನೋಡಿ ಚೀಟಿಗೆ ಬರೆದುಕೊಡುವಾಗ ನಾನು 74 ಸುತ್ತನ್ನು 14 ಅಂತ ಬರೆದುಬಿಟ್ಟೆ. ಪುಣ್ಯಕ್ಕೆ ಮಾವನ ಕಣ್ಣಿಗೆ ಬಿತ್ತು, ಇಲ್ಲದಿದ್ದರೆ ಮೋಟರ್ ಮತ್ತೆ ಸುಡುತ್ತಿತ್ತು. ಇಂಥದ್ದೇ ನಕಲು ತಪ್ಪುಗಳಿಂದ ಬೇಸತ್ತ ಒಬ್ಬ ಗಣಿತದ ಮೇಡಂ ಕಂಪ್ಯೂಟರ್ ಲೋಕಕ್ಕೇ ಹೊಸ ದಾರಿ ತೋರಿಸಿದರು. ಅವರೇ ಗ್ರೇಸ್ ಹಾಪರ್.

ಹುಟ್ಟಿದ್ದು 1906ರ ಡಿಸೆಂಬರ್ 9, ನ್ಯೂಯಾರ್ಕ್‌ನಲ್ಲಿ. ಏಳು ವರ್ಷದವರಿದ್ದಾಗ ಅಲಾರಾಂ ಗಡಿಯಾರ ಹೇಗೆ ನಡೆಯುತ್ತೆ ಅಂತ ನೋಡಲು ಒಂದನ್ನು ಬಿಚ್ಚಿದರು. ಜೋಡಿಸಲು ಬರಲಿಲ್ಲ ಅಂತ ಇನ್ನೊಂದನ್ನು ಬಿಚ್ಚಿದರು. ಹೀಗೆ ಮನೆಯಲ್ಲಿದ್ದ ಏಳೂ ಗಡಿಯಾರಗಳ ಕಥೆ ಮುಗೀತು! ಅಮ್ಮ ಬೈದು ಬಿಡಲಿಲ್ಲ, ಇನ್ನು ಮುಂದೆ ಒಂದನ್ನು ಮಾತ್ರ ಮುಟ್ಟು ಅಂತ ನಿಯಮ ಮಾಡಿದರು. 1928ರಲ್ಲಿ ವಸ್ಸಾರ್ ಕಾಲೇಜಿನಿಂದ ಪದವಿ, 1934ರಲ್ಲಿ ಯೇಲ್‌ನಿಂದ ಗಣಿತದಲ್ಲಿ ಪಿಎಚ್‌ಡಿ. ಓದಿದ ವಸ್ಸಾರ್‌ನಲ್ಲೇ ಪಾಠವನ್ನೂ ಮಾಡಿದರು.

ಎರಡನೇ ಮಹಾಯುದ್ಧ ಬಂತು. ನೌಕಾಪಡೆ ಸೇರಲು ಹೊರಟಾಗ ವಯಸ್ಸು ಜಾಸ್ತಿ, ತೂಕ ಕಡಿಮೆ ಅನ್ನುವ ತಕರಾರು. ವಿಶೇಷ ಅನುಮತಿ ಪಡೆದು 1943ರ ಡಿಸೆಂಬರ್‌ನಲ್ಲಿ ಸೇರಿಯೇ ಬಿಟ್ಟರು. 1944ರಲ್ಲಿ ಅವರನ್ನು ಹಾರ್ವರ್ಡ್‌ನ ಮಾರ್ಕ್ 1 ಯಂತ್ರದ ಕೆಲಸಕ್ಕೆ ಕಳಿಸಿದರು. 51 ಅಡಿ ಉದ್ದ, 8 ಅಡಿ ಎತ್ತರದ ಯಂತ್ರ. ಸೆಕೆಂಡಿಗೆ ಮಾಡುತ್ತಿದ್ದುದು ಮೂರೇ ಮೂರು ಕೂಡುವ ಲೆಕ್ಕ. ಅದಕ್ಕೊಂದು ಕೈಪಿಡಿ ಬರೆಯಬೇಕು ಅಂತ ಮೇಲಧಿಕಾರಿ ಹೊವರ್ಡ್ ಐಕೆನ್ ಆಜ್ಞೆ ಮಾಡಿದರು. ಪುಸ್ತಕ ಬರೆದು ಅಭ್ಯಾಸವೇ ಇರಲಿಲ್ಲ, ಆದ್ರೆ ಮಿಲಿಟರಿ ಆಜ್ಞೆ! 1946ರಲ್ಲಿ ಹೊರಬಂದ ಆ ಕೈಪಿಡಿ 500 ಪುಟ ದಾಟಿತ್ತು.

ಇನ್ನು ಪತಂಗದ ಕಥೆ. 1947ರಲ್ಲಿ ಮಾರ್ಕ್ 2 ಯಂತ್ರದ ರಿಲೇಯೊಳಗೆ ಸಿಕ್ಕಿಬಿದ್ದ ಪತಂಗವನ್ನು ತೆಗೆದು ಲಾಗ್‌ಬುಕ್‌ಗೆ ಅಂಟಿಸಿದ್ದು ನಿಜ. ಆದ್ರೆ ಬಗ್ ಅನ್ನೋ ಪದ ಹಾಪರ್ ಅವರಿಂದ ಹುಟ್ಟಿದ್ದಲ್ಲ, ಎಡಿಸನ್ ಕಾಲದಲ್ಲೇ ಇತ್ತು. ಪತಂಗ ಹಿಡಿದದ್ದೂ ಅವರಲ್ಲ. ಕಥೆಯನ್ನು ಊರೆಲ್ಲ ಹಬ್ಬಿಸಿದವರು ಅವರು, ಅಷ್ಟೇ.

ಅವರ ನಿಜವಾದ ಸಾಧನೆ ಬೇರೆ. ಆಗ ಒಮ್ಮೆ ಬರೆದು ಪರೀಕ್ಷಿಸಿದ ಕೋಡ್ ತುಣುಕುಗಳನ್ನು ನೋಟ್‌ಬುಕ್‌ಗಳಲ್ಲಿ ಇಟ್ಟುಕೊಳ್ಳುತ್ತಿದ್ದರು. ಬೇಕಾದಾಗ ಕೈಯಲ್ಲಿ ನಕಲು ಮಾಡಬೇಕು, ಹೊಸ ಪ್ರೋಗ್ರಾಂಗೆ ಹೊಂದುವಂತೆ ಪ್ರತಿ ವಿಳಾಸಕ್ಕೂ ಸಂಖ್ಯೆ ಕೂಡಿಸಬೇಕು. ಅಲ್ಲೇ ಎಡವಟ್ಟು! 4 ಹೋಗಿ ಡೆಲ್ಟಾ ಚಿಹ್ನೆ ಆಗುತ್ತಿತ್ತು, ಬಿ ಅಕ್ಷರ ಹೋಗಿ 13 ಆಗುತ್ತಿತ್ತು. ನಕಲು ಮಾಡುವುದು, ಕೂಡುವುದು ಎರಡೂ ಮೆಷಿನ್‌ಗೆ ಚೆನ್ನಾಗಿ ಬರುವ ಕೆಲಸ, ಮನುಷ್ಯರು ಯಾಕೆ ಮಾಡಬೇಕು ಅಂತ ಹಾಪರ್ ಯೋಚಿಸಿದರು.

1949ರಲ್ಲಿ ಎಕರ್ಟ್-ಮೌಚ್ಲಿ ಕಂಪನಿ ಸೇರಿದ್ದರು. ಅಲ್ಲಿ ಯುನಿವ್ಯಾಕ್ ಯಂತ್ರಕ್ಕಾಗಿ ಎ-0 ಅನ್ನುವ ಕಂಪೈಲರ್ ತಯಾರಾಯಿತು. ಕೋಡ್ ತುಣುಕುಗಳೆಲ್ಲ ಟೇಪ್ ಮೇಲೆ ಹೋದವು. ನಮ್ಮ ಲೈಬ್ರರಿ ಪುಸ್ತಕಗಳ ಹಾಗೆ ಒಂದೊಂದಕ್ಕೂ ಒಂದು ನಂಬರ್. ಯಾವ ನಂಬರ್, ಅದಕ್ಕೆ ಏನು ಕೊಡಬೇಕು ಅಂತ ಬರೆದರೆ ಸಾಕು, ತುಣುಕನ್ನು ಹುಡುಕಿ ತಂದು, ವಿಳಾಸ ಸರಿಮಾಡಿ, ಜೋಡಿಸುವುದು ಮೆಷಿನ್ ಕೆಲಸ. ಮನುಷ್ಯರು ಓದುತ್ತಿದ್ದ ನೋಟ್‌ಬುಕ್ಕನ್ನು ಮೆಷಿನ್ನೇ ಓದುವ ಹಾಗೆ ಮಾಡಿದ್ದು ಹೀಗೆ. 1952ರಲ್ಲಿ ಈ ಬಗ್ಗೆ ಪ್ರಬಂಧ ಮಂಡಿಸಿದರು. ಕಂಪ್ಯೂಟರ್ ಲೆಕ್ಕ ಮಾತ್ರ ಮಾಡುತ್ತೆ, ಪ್ರೋಗ್ರಾಂ ಬರೆಯಲ್ಲ ಅಂತ ತುಂಬ ಜನ ನಂಬಲೇ ಇಲ್ಲ. ಮುಂದೆ ಇಂಗ್ಲಿಷ್ ಪದಗಳಲ್ಲೇ ಆಜ್ಞೆ ಕೊಡುವ ಫ್ಲೋ-ಮ್ಯಾಟಿಕ್ ಬಂತು, ಅದರ ಆಧಾರದ ಮೇಲೆ 1959ರಲ್ಲಿ ಕೊಬಾಲ್ ಭಾಷೆ ರೂಪುಗೊಂಡಿತು. 1986ರಲ್ಲಿ, 79ನೇ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಆಗಿ ನಿವೃತ್ತರಾದರು. 1992ರ ಜನವರಿ 1ರಂದು ತೀರಿಕೊಂಡರು.

ಈ ಹಳೇ ಕಥೆ ಈಗ ಯಾಕೆ? ಹೋದ ಸೆಮ್‌ನ ಮಿನಿ ಪ್ರಾಜೆಕ್ಟ್‌ಗೆ ಕೋಡ್ ಸರಿಮಾಡುವ ಚಿಕ್ಕ ಟೂಲ್ ಬರೆದು ಎಐ ಏಜೆಂಟ್ ಕೈಗೆ ಕೊಟ್ಟಿದ್ವಿ. ಅದರ ವಿವರಣೆ ಒಂದೇ ಸಾಲು: ಕೋಡ್‌ನ ತಪ್ಪು ನೋಡುತ್ತದೆ. ಫೈಲನ್ನೇ ತಿದ್ದಿ ಸೇವ್ ಮಾಡುತ್ತೆ ಅಂತ ಬರೆದಿರಲೇ ಇಲ್ಲ. ತಪ್ಪು ಎಲ್ಲಿದೆ ತೋರಿಸು ಅಂತಷ್ಟೇ ಕೇಳಿದ್ದಕ್ಕೆ ಏಜೆಂಟ್ ಆ ಟೂಲ್ ಓಡಿಸಿತು, ವೈವಾ ಹಿಂದಿನ ರಾತ್ರಿ ಇಡೀ ಫೋಲ್ಡರ್ ಬದಲಾಗಿ ಕೂತಿತ್ತು. ಏಜೆಂಟ್‌ಗೆ ಬೈದಿದ್ದೇ ಬೈದಿದ್ದು. ಆಮೇಲೆ ನೋಡಿದರೆ ತಪ್ಪು ನಮ್ಮದೇ.

ಏಜೆಂಟ್‌ಗೆ ನಮ್ಮ ಮನಸ್ಸಿನಲ್ಲಿರೋದು ಗೊತ್ತಾಗಲ್ಲ, ಬರೆದದ್ದಷ್ಟೇ ಗೊತ್ತು. ಹಾಗಾಗಿ ಟೂಲ್ ಯಾವಾಗ ಬಳಸಬೇಕು, ಯಾವಾಗ ಬೇಡ, ಏನು ಕೊಡಬೇಕು, ಏನು ವಾಪಸ್ ಬರುತ್ತೆ, ಫೈಲ್ ಮುಟ್ಟುತ್ತೋ ಇಲ್ವೋ, ಎರರ್ ಬಂದ್ರೆ ಮುಂದೇನು ಅನ್ನೋದನ್ನೆಲ್ಲ ಬಿಡಿಸಿ, ಒಂದು ಉದಾಹರಣೆ ಸಮೇತ ಬರೆಯಬೇಕು. ಡಾಕ್ಯುಮೆಂಟೇಶನ್ ಅಂದ್ರೆ ಸಬ್‌ಮಿಶನ್ ದಿನ ತುಂಬಿಸೋ ಪುಟ ಅಲ್ಲ ಗೆಳೆಯರೇ, ಅದು ಟೂಲ್‌ನದ್ದೇ ಒಂದು ಭಾಗ.

ಅಂದಹಾಗೆ, ನಮ್ಮ ಮಾವ ಈಗ 7 ಬರೆದಾಗಲೆಲ್ಲ ನಡುವೆ ಒಂದು ಅಡ್ಡಗೆರೆ ಎಳೀತಾರೆ.