ಸ್ಯಾಮ್ಯುಯೆಲ್ ಪ್ಲಿಮ್ಸಾಲ್ (1824–1898): ಹಡಗಿನ ಭಾರಕ್ಕೆ ಮಿತಿ ಹಾಕಿಸಿದ ಜನಪ್ರತಿನಿಧಿ

ಪೀಠಿಕೆ

ಬಾಗಲಕೋಟೆ ಜಿಲ್ಲೆಗೆ ಸಮುದ್ರ ತೀರವಿಲ್ಲ. ಆದರೂ ಇಲ್ಲಿನ ಜನರಿಗೆ ಪರಿಚಿತವಾದ ಸುಣ್ಣದ ಕಲ್ಲು, ಸಿಮೆಂಟ್, ಎಣ್ಣೆಬೀಜಗಳ ಹಿಂಡಿ ಮೊದಲಾದವುಗಳನ್ನು ಬಂದರುಗಳಲ್ಲಿ ಚೀಲಗಳಿಲ್ಲದೆ ನೇರವಾಗಿ ಹಡಗಿನ ಒಡಲಿಗೆ ಸುರಿದು ಸಾಗಿಸಲಾಗುತ್ತದೆ. ಹಡಗಿಗೆ ಏನನ್ನು, ಎಷ್ಟು, ಹೇಗೆ ತುಂಬಬೇಕೆಂಬುದು ಮಾಲೀಕರ ಇಚ್ಛೆಗೆ ಬಿಟ್ಟ ವಿಷಯವಲ್ಲ, ಕಾನೂನಿನ ವಿಷಯ ಎಂಬ ತತ್ವವನ್ನು ಸ್ಥಾಪಿಸಲು ಹೋರಾಡಿದವರಲ್ಲಿ ಪ್ಲಿಮ್ಸಾಲ್ ಪ್ರಮುಖರು.

ಜನನ ಮತ್ತು ವೃತ್ತಿ

ಪ್ಲಿಮ್ಸಾಲ್ ಅವರು 1824ರ ಫೆಬ್ರವರಿ 10ರಂದು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಜನಿಸಿದರು. ಶೆಫೀಲ್ಡಿನಲ್ಲಿ ಗುಮಾಸ್ತರಾಗಿ ದುಡಿದು, 1853ರಲ್ಲಿ ಲಂಡನ್ನಿನಲ್ಲಿ ಕಲ್ಲಿದ್ದಲು ವ್ಯಾಪಾರ ಆರಂಭಿಸಿದರು. ವ್ಯಾಪಾರದಲ್ಲಿ ನಷ್ಟವುಂಟಾಗಿ, ಕೆಲಕಾಲ ಬಡವರ ವಸತಿಗೃಹದಲ್ಲಿ ದಿನ ಕಳೆಯಬೇಕಾಯಿತು. ಶ್ರಮಜೀವಿಗಳ ಕಷ್ಟವನ್ನು ಅವರು ಅಲ್ಲಿ ಹತ್ತಿರದಿಂದ ಕಂಡರು. ಪುನಃ ವ್ಯಾಪಾರದಲ್ಲಿ ನೆಲೆಯೂರಿ, 1868ರಲ್ಲಿ ಡರ್ಬಿ ಕ್ಷೇತ್ರದಿಂದ ಸಂಸತ್ತಿಗೆ ಆಯ್ಕೆಯಾದರು.

ಹೋರಾಟ

ಅಂದು ಕೆಲವು ಮಾಲೀಕರು ಹಳೆಯ ಹಡಗುಗಳಿಗೆ ಮಿತಿಮೀರಿ ಸರಕು ತುಂಬುತ್ತಿದ್ದರು. ವಿಮೆಯ ಮೊತ್ತ ಹಡಗಿನ ಬೆಲೆಗಿಂತ ಹೆಚ್ಚಾಗಿದ್ದಲ್ಲಿ, ಹಡಗು ಮುಳುಗಿದರೂ ಮಾಲೀಕನ ಲೆಕ್ಕದಲ್ಲಿ ನಷ್ಟವಿರುತ್ತಿರಲಿಲ್ಲ. ನಷ್ಟವೆಲ್ಲ ನಾವಿಕರ ಕುಟುಂಬಗಳದಾಗಿತ್ತು. ಕರಾರಿಗೆ ಸಹಿ ಮಾಡಿದ ನಾವಿಕನು ಅಂತಹ ಹಡಗನ್ನು ಏರಲು ನಿರಾಕರಿಸಿದರೆ ಸೆರೆವಾಸಕ್ಕೂ ಗುರಿಯಾಗುತ್ತಿದ್ದನು.

ಟೈನ್‌ಮೌತ್‌ನ ಹಡಗು ಮಾಲೀಕ ಜೇಮ್ಸ್ ಹಾಲ್ ಮೊದಲೇ ಪ್ರತಿಪಾದಿಸಿದ್ದ ಭಾರಮಿತಿ ರೇಖೆಯ ಬೇಡಿಕೆಯನ್ನು ಪ್ಲಿಮ್ಸಾಲ್ ಸಂಸತ್ತಿಗೆ ತಂದರು. 1873ರಲ್ಲಿ ನಾವಿಕರ ಸ್ಥಿತಿಗತಿ ಕುರಿತು ಗ್ರಂಥ ಪ್ರಕಟಿಸಿದರು. ಅದೇ ವರ್ಷ ವಿಚಾರಣಾ ಆಯೋಗವೂ ನೇಮಕವಾಯಿತು. 1875ರ ಜುಲೈನಲ್ಲಿ ಸರ್ಕಾರವು ಮಸೂದೆಯನ್ನು ಕೈಬಿಟ್ಟಾಗ ಅವರು ಸದನದಲ್ಲಿ ತೀವ್ರವಾಗಿ ಸಿಡಿದೆದ್ದರು. ವರ್ತನೆಗಾಗಿ ನಂತರ ಕ್ಷಮೆ ಕೋರಿದರಾದರೂ ಸಾರ್ವಜನಿಕರ ಬೆಂಬಲ ಅವರಿಗೇ ದೊರೆಯಿತು. ಸರ್ಕಾರವು ಆ ವರ್ಷವೇ ತಾತ್ಕಾಲಿಕ ಕಾಯಿದೆಯನ್ನೂ 1876ರಲ್ಲಿ ಶಾಶ್ವತ ಕಾಯಿದೆಯನ್ನೂ ಜಾರಿಗೆ ತಂದಿತು.

ಹಡಗಿನ ಪಕ್ಕದಲ್ಲಿ ಭಾರಮಿತಿಯ ಗುರುತು ಕಡ್ಡಾಯವಾಯಿತು. ಸರಕಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಧಾನ್ಯವಿದ್ದಲ್ಲಿ, ಆ ಧಾನ್ಯವನ್ನು ಚೀಲಗಳಲ್ಲಿ ತುಂಬಬೇಕು ಅಥವಾ ಹಲಗೆಗಳಿಂದ ತಡೆದು ಜಾರದಂತೆ ಭದ್ರಪಡಿಸಬೇಕು ಎಂಬ ನಿಯಮವೂ ಬಂದಿತು. ಆದರೆ ಗುರುತಿನ ಸ್ಥಾನವನ್ನು ಮಾಲೀಕರೇ ನಿರ್ಧರಿಸಬಹುದಾಗಿತ್ತು. ಈ ಲೋಪ ಸರಿಯಾಗಿ, ರೇಖೆಯ ಸ್ಥಾನ ಕಾನೂನಿನಿಂದ ನಿಗದಿಯಾದುದು 1890ರಲ್ಲಿ. ಪ್ಲಿಮ್ಸಾಲ್ 1898ರ ಜೂನ್ 3ರಂದು ಫೋಕ್‌ಸ್ಟನ್‌ನಲ್ಲಿ ನಿಧನರಾದರು. ಆ ಗುರುತು ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಇಂದಿನ ನಿಯಮಗಳು

ಭಾರಮಿತಿ ರೇಖೆಯು ಹೊರೆಯ ತೂಕವನ್ನು ಮಾತ್ರ ನಿಯಂತ್ರಿಸುತ್ತದೆ. ಸರಕಿನ ಗುಣದಿಂದ ಬರುವ ಅಪಾಯಕ್ಕೆ ಬೇರೆ ನಿಯಮಗಳು ಅಗತ್ಯವಾದವು. ಅಂತರರಾಷ್ಟ್ರೀಯ ಘನ ಸಗಟು ಸರಕು ಸಂಹಿತೆಯು 2011ರ ಜನವರಿ 1ರಿಂದ ಕಡ್ಡಾಯವಾಗಿದ್ದು, ಸರಕುಗಳನ್ನು ಈ ಕೆಳಕಂಡಂತೆ ವಿಂಗಡಿಸಿದೆ:

1. 'ಎ' ಗುಂಪು: ತೇವಾಂಶ ಮಿತಿಮೀರಿದಲ್ಲಿ ಕೆಸರಿನಂತೆ ಹರಿಯಬಲ್ಲವು. ಉದಾ: ಕಬ್ಬಿಣದ ಅದಿರಿನ ಪುಡಿ.
2. 'ಬಿ' ಗುಂಪು: ರಾಸಾಯನಿಕ ಅಪಾಯವುಳ್ಳವು. ಉದಾ: ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಲ್ಲ ಕೆಲವು ಬಗೆಯ ಹಿಂಡಿ.
3. 'ಸಿ' ಗುಂಪು: ಈ ಎರಡೂ ಅಪಾಯಗಳಿಲ್ಲದವು. ಉದಾ: ಸುಣ್ಣದ ಕಲ್ಲು, ಸಿಮೆಂಟ್.

ಕೆಲವು ಸರಕುಗಳು 'ಎ' ಮತ್ತು 'ಬಿ' ಎರಡೂ ಗುಂಪುಗಳಿಗೆ ಸೇರುತ್ತವೆ. 'ಎ' ಗುಂಪಿನ ಸರಕಿನ ತೇವಾಂಶವನ್ನು, ತುಂಬುವುದಕ್ಕೆ ಹಿಂದಿನ 7 ದಿನಗಳೊಳಗೆ ಪರೀಕ್ಷಿಸಿರಬೇಕು. ಈ ಮಾಹಿತಿಯನ್ನು ಸರಕು ಕಳುಹಿಸುವವರು ಹಡಗಿನ ಕಪ್ತಾನರಿಗೆ ಮುಂಚಿತವಾಗಿ ಲಿಖಿತದಲ್ಲಿ ನೀಡಬೇಕು. ಪರೀಕ್ಷೆಯ ನಂತರ ಮಳೆ ಸುರಿದು ಸರಕು ನೆನೆದಲ್ಲಿ ಮರುಪರೀಕ್ಷೆ ಅವಶ್ಯಕ.

ಇದರ ಮಹತ್ವವನ್ನು ಕರ್ನಾಟಕದ ಕರಾವಳಿಯೂ ಕಂಡಿದೆ. 2009ರ ಜುಲೈ ತಿಂಗಳ ಮಳೆಗಾಲದಲ್ಲಿ, ಕಬ್ಬಿಣದ ಅದಿರಿನ ಪುಡಿಯನ್ನು ಹೊತ್ತು ನವ ಮಂಗಳೂರು ಬಂದರಿನಿಂದ ಹೊರಟಿದ್ದ ಏಷಿಯನ್ ಫಾರೆಸ್ಟ್ ಹಡಗು ಮುಳುಗಿತು. 18 ಮಂದಿ ಸಿಬ್ಬಂದಿಯನ್ನು ಕರಾವಳಿ ರಕ್ಷಣಾ ಪಡೆಯು ಪಾರುಮಾಡಿತು.

ಉಪಸಂಹಾರ

ಸಮುದ್ರದ ಮೇಲಿನ ಅಪಾಯವು ಬಹುಪಾಲು ದಡದಲ್ಲಿಯೇ, ಸರಕು ತುಂಬುವ ಸ್ಥಳದಲ್ಲಿಯೇ ಆರಂಭವಾಗುತ್ತದೆ ಎಂಬುದು ಪ್ಲಿಮ್ಸಾಲ್ ಅವರ ಜೀವನದಿಂದ ತಿಳಿಯಬೇಕಾದ ಅಂಶ. ಆದ್ದರಿಂದ ಒಳನಾಡಿನ ವರ್ತಕರು, ಗಣಿ ಮಾಲೀಕರು ಹಾಗೂ ಸಾಗಣೆದಾರರು ಸರಕಿನ ಗುಣ ಮತ್ತು ತೇವಾಂಶದ ವಿವರವನ್ನು ಯಥಾವತ್ತಾಗಿ ನಮೂದಿಸುವುದು ಅತ್ಯಗತ್ಯ. ಆ ಕಾಗದವನ್ನು ನಂಬಿಯೇ ನಾವಿಕರು ಹಡಗನ್ನು ಏರುತ್ತಾರೆ.