ಪಕ್ಷನಿಷ್ಠೆ ಮತ್ತು ತತ್ತ್ವನಿಷ್ಠೆ : ಎಡ್ಮಂಡ್ ಬರ್ಕನ ಜೀವನ

ಪಕ್ಷವೆಂದರೆ ಒಡಕು, ಒಡಕೆಂದರೆ ನಾಡಿಗೆ ಕೇಡು ಎಂಬ ಭಾವನೆ ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಬಲವಾಗಿ ಬೇರೂರಿದ್ದಿತು. ಅರಸನ ಮಂತ್ರಿಗಳನ್ನು ಗುಂಪುಗೂಡಿ ಎದುರಿಸುವವರನ್ನು ಲೋಕವು ಸಂಶಯದಿಂದ ಕಾಣುತ್ತಿದ್ದಿತು. ಅಂತಹ ಕಾಲದಲ್ಲಿ, ಪಕ್ಷವು ಸ್ವಾರ್ಥಿಗಳ ಕೂಟವೇ ಆಗಬೇಕೆಂದಿಲ್ಲ, ಒಂದು ತತ್ತ್ವಕ್ಕೆ ಕಟ್ಟುಬಿದ್ದ ಸಜ್ಜನರ ಸಂಘವೂ ಆಗಬಲ್ಲುದು ಎಂದು ಸಕಾರಣವಾಗಿ ಪ್ರತಿಪಾದಿಸಿದವನು ಎಡ್ಮಂಡ್ ಬರ್ಕ್. ಆ ಮಾತಿಗಾಗಿ ಆತನು ತನ್ನ ಬಾಳಿನಲ್ಲಿ ತೆತ್ತ ಬೆಲೆಯು ಸಾಮಾನ್ಯವಾದುದಲ್ಲ.

ಬರ್ಕನು 1729ರ ಸುಮಾರಿನಲ್ಲಿ ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಜನಿಸಿದನು. ತಂದೆ ಪ್ರಾಟೆಸ್ಟಂಟ್ ಮತದ ವಕೀಲ. ತಾಯಿ ರೋಮನ್ ಕ್ಯಾಥೊಲಿಕ್ ಮನೆತನದವಳು. ಕ್ಯಾಥೊಲಿಕರಿಗೆ ಆ ದೇಶದಲ್ಲಿ ಆಗ ಮತದಾನದ ಹಕ್ಕೂ ಇರಲಿಲ್ಲ, ಶಾಸನಸಭೆಯ ಪ್ರವೇಶವೂ ಇರಲಿಲ್ಲ. ಬಾಲಕನು ಅಕ್ಷರ ಕಲಿತದ್ದಾದರೋ ಇವೆರಡಕ್ಕೂ ಬೇರೆಯಾದ ಕ್ವೇಕರ್ ಪಂಥದವರ ಶಾಲೆಯಲ್ಲಿ. ಹೀಗೆ ಮತಭೇದವು ಮನುಷ್ಯನಿಗೆ ತಂದೊಡ್ಡುವ ಅನ್ಯಾಯವನ್ನು ಆತನು ಪುಸ್ತಕದಿಂದಲ್ಲ, ತನ್ನ ಮನೆಯಿಂದಲೇ ಅರಿತನು. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ವ್ಯಾಸಂಗ ಮುಗಿಸಿ, 1750ರಲ್ಲಿ ನ್ಯಾಯಶಾಸ್ತ್ರದ ಅಭ್ಯಾಸಕ್ಕೆಂದು ಲಂಡನ್ನಿಗೆ ಹೋದವನು, ಅದನ್ನು ಬಿಟ್ಟು ಲೇಖನವೃತ್ತಿಯನ್ನು ಹಿಡಿದನು.

1765ರಲ್ಲಿ ರಾಕಿಂಗ್‌ಹ್ಯಾಮ್ ಪ್ರಭುವು ಪ್ರಧಾನಮಂತ್ರಿಯಾದಾಗ ಬರ್ಕನನ್ನು ತನ್ನ ಆಪ್ತ ಕಾರ್ಯದರ್ಶಿಯನ್ನಾಗಿ ಮಾಡಿಕೊಂಡನು. ಅದೇ ವರ್ಷ ಬರ್ಕನು ವೆಂಡೋವರ್ ಎಂಬ ಚಿಕ್ಕ ಊರಿನಿಂದ ಪಾರ್ಲಿಮೆಂಟಿನ ಸದಸ್ಯನಾದನು. ಆ ಊರಿನ ಮತಗಳು ಒಬ್ಬ ಭೂಮಾಲೀಕನ ಕೈಯಲ್ಲಿದ್ದುವು. ಆತನ ಅನುಗ್ರಹವೇ ಅಲ್ಲಿಯ ಚುನಾವಣೆ. ಮಂತ್ರಿಮಂಡಲವು ಒಂದು ವರ್ಷದಲ್ಲಿಯೇ ಬಿದ್ದುಹೋಯಿತು. ರಾಕಿಂಗ್‌ಹ್ಯಾಮನ ಬಳಗವು ಮುಂದೆ ಹದಿನಾರು ವರ್ಷಗಳ ಕಾಲ ಅಧಿಕಾರವಿಲ್ಲದೆ ಕಳೆಯಿತು. ಹಲವರು ಪದವಿಯ ಆಸೆಯಿಂದ ಬಳಗವನ್ನು ತೊರೆದರು, ಬರ್ಕನು ತೊರೆಯಲಿಲ್ಲ. 1770ರಲ್ಲಿ ಆತನು ರಚಿಸಿದ ಗ್ರಂಥವು ಈ ಅನುಭವದ ಫಲ. ದುಷ್ಟರು ಒಂದುಗೂಡಿರುವಾಗ ಸಜ್ಜನರು ಬಿಡಿಬಿಡಿಯಾಗಿ ನಿಂತರೆ ಒಬ್ಬೊಬ್ಬರಾಗಿ ಸೋಲುವರು. ಆದುದರಿಂದ ಸಮ್ಮತವಾದ ಒಂದು ತತ್ತ್ವದ ಮೇಲೆ, ದೇಶದ ಹಿತಕ್ಕಾಗಿ ಕೂಡಿನಿಲ್ಲುವುದು ಕರ್ತವ್ಯವೇ ಹೊರತು ದೋಷವಲ್ಲ ಎಂಬುದು ಅದರ ತಾತ್ಪರ್ಯ.

1774ರಲ್ಲಿ ಬ್ರಿಸ್ಟಲ್ ಎಂಬ ದೊಡ್ಡ ಬಂದರು ನಗರದ ವರ್ತಕರು ಆತನನ್ನು ಆರಿಸಿದರು. ಜೊತೆಯಲ್ಲಿ ಗೆದ್ದ ಹೆನ್ರಿ ಕ್ರೂಗರನು ಮತದಾರರ ಆಜ್ಞೆಯೇ ತನಗೆ ಶಿರೋಧಾರ್ಯವೆಂದು ಸಾರಿದನು. ಬರ್ಕನು ವಿಜಯದ ದಿನದಲ್ಲಿಯೇ ಅದಕ್ಕೆ ವಿರುದ್ಧವಾಗಿ ನುಡಿದನು. ಮತದಾರರ ಅಭಿಪ್ರಾಯಕ್ಕೆ ಪ್ರತಿನಿಧಿಯು ಹೆಚ್ಚಿನ ಬೆಲೆ ಕೊಡಬೇಕು, ಅವರ ಹಿತಕ್ಕಾಗಿ ತನ್ನ ಸುಖವನ್ನು ಬಿಡಬೇಕು. ಆದರೆ ತನ್ನ ವಿವೇಕವನ್ನೂ ಆತ್ಮಸಾಕ್ಷಿಯನ್ನೂ ಅವರಿಗೆ ಒಪ್ಪಿಸಲಾಗದು. ಪಾರ್ಲಿಮೆಂಟು ಬೇರೆಬೇರೆ ಊರುಗಳ ರಾಯಭಾರಿಗಳ ಸಂತೆಯಲ್ಲ, ಒಂದು ರಾಷ್ಟ್ರದ ವಿಚಾರಸಭೆ—ಇದು ಆತನ ನಿಲುವು.

ನುಡಿಯು ಸುಲಭ, ನಡೆಯ ಪರೀಕ್ಷೆ ಬೇಗನೆ ಬಂದಿತು. ಐರ್ಲೆಂಡಿನ ವ್ಯಾಪಾರಕ್ಕೆ ಹಾಕಿದ್ದ ಕಟ್ಟುಗಳನ್ನು ಸಡಿಲಿಸುವ ಮಸೂದೆಯನ್ನು 1778ರಲ್ಲಿ ಬರ್ಕನು ಬೆಂಬಲಿಸಿದನು. ತಮ್ಮ ಲಾಭಕ್ಕೆ ಪೆಟ್ಟೆಂದು ಬ್ರಿಸ್ಟಲಿನ ವರ್ತಕರು ಕೆರಳಿದರು. ಕ್ಯಾಥೊಲಿಕರ ಮೇಲಿನ ಕ್ರೂರ ಶಾಸನಗಳನ್ನು ತಗ್ಗಿಸುವುದಕ್ಕೂ, ಸಾಲಗಾರರನ್ನು ಸೆರೆಯಲ್ಲಿ ಕೊಳೆಯಿಸುವ ಕಾನೂನನ್ನು ತಿದ್ದುವುದಕ್ಕೂ ಆತನು ನೆರವಾದನು. 1780ರ ಚುನಾವಣೆಯಲ್ಲಿ ಮತದಾರರ ಮುಂದೆ ನಿಂತು, ಪ್ರತಿಯೊಂದು ಆರೋಪಕ್ಕೂ ಉತ್ತರಕೊಟ್ಟು, ಯಾವುದಕ್ಕೂ ಪಶ್ಚಾತ್ತಾಪಪಡಲಿಲ್ಲ. ಗೆಲುವು ಅಸಾಧ್ಯವೆಂದು ಕಂಡಾಗ ಸ್ಪರ್ಧೆಯಿಂದ ಹಿಂದೆಗೆದನು. ಆಮೇಲೆ ರಾಕಿಂಗ್‌ಹ್ಯಾಮನ ಹಿಡಿತದಲ್ಲಿದ್ದ ಮಾಲ್ಟನ್ ಕ್ಷೇತ್ರವು ಆತನಿಗೆ ಆಶ್ರಯವಾಯಿತು.

ಭಾರತದ ವಿಷಯದಲ್ಲಿ ಬರ್ಕನು ಪಟ್ಟ ಶ್ರಮವು ನಮ್ಮವರು ನೆನೆಯತಕ್ಕದ್ದು. 1780ರಲ್ಲಿ ಮೈಸೂರಿನ ಹೈದರ್ ಅಲಿಯು ಆರ್ಕಾಟಿನ ಸೀಮೆಯ ಮೇಲೆ ದಂಡೆತ್ತಿಹೋದುದನ್ನು 1785ರ ಭಾಷಣದಲ್ಲಿ ಭಯಂಕರವಾಗಿ ವರ್ಣಿಸಿ, ಆ ವಿನಾಶಕ್ಕೆ ಕಂಪನಿಯ ನೌಕರರ ಮತ್ತು ಆರ್ಕಾಟಿನ ನವಾಬನ ದುರಾಶೆಯೇ ಮೂಲವೆಂದು ತೋರಿಸಿದನು. ವಾರನ್ ಹೇಸ್ಟಿಂಗ್ಸನ ಮೇಲೆ ಆತನು ಮುಂದೆನಿಂತು ನಡೆಸಿದ ಮಹಾಭಿಯೋಗದ ವಿಚಾರಣೆ 1788ರಲ್ಲಿ ತೊಡಗಿ 1795ರವರೆಗೆ ಎಳೆಯಿತು. ಹೇಸ್ಟಿಂಗ್ಸನು ನಿರ್ದೋಷಿಯೆಂದು ಬಿಡುಗಡೆ ಹೊಂದಿದನು. ಬರ್ಕನ ಮಾತುಗಳು ಹಲವೆಡೆ ಮಿತಿಮೀರಿದ್ದುದೂ ನಿಜ. ಆದರೂ, ಆಳಿಸಿಕೊಳ್ಳುವವರು ಯಾವ ದೇಶದವರಾದರೂ ಅಧಿಕಾರಕ್ಕೆ ಧರ್ಮದ ಅಂಕೆಯಿರಬೇಕೆಂಬ ಆತನ ವಾದವು ಸೋಲಲಿಲ್ಲ.

ಅತ್ಯಂತ ಕಠಿಣವಾದ ಪರೀಕ್ಷೆ ಮುಪ್ಪಿನಲ್ಲಿ ಒದಗಿತು. 1789ರ ಫ್ರೆಂಚ್ ಕ್ರಾಂತಿಯನ್ನು ಪಕ್ಷದ ಮುಖಂಡನೂ ಬಹುಕಾಲದ ಗೆಳೆಯನೂ ಆದ ಚಾರ್ಲ್ಸ್ ಜೇಮ್ಸ್ ಫಾಕ್ಸನು ಹರ್ಷದಿಂದ ಸ್ವಾಗತಿಸಿದನು. ತಲೆಮಾರುಗಳಿಂದ ಬೆಳೆದುಬಂದ ಸಂಸ್ಥೆಗಳನ್ನು ಒಂದೇ ಏಟಿಗೆ ಕೆಡವಿದರೆ ಕೊನೆಗೆ ಸೈನ್ಯದ ಆಳ್ವಿಕೆಯೇ ಗತಿಯೆಂದು ಬರ್ಕನು 1790ರಲ್ಲಿ ಗ್ರಂಥ ಬರೆದನು. 1791ರ ಮೇ 6ರಂದು ತುಂಬಿದ ಸಭೆಯಲ್ಲಿ ಇಬ್ಬರ ಸ್ನೇಹವೂ ಮುರಿಯಿತು. ಫಾಕ್ಸನು ಎಲ್ಲರ ಎದುರಿನಲ್ಲಿ ಕಣ್ಣೀರಿಟ್ಟನು, ಬರ್ಕನು ಕದಲಲಿಲ್ಲ. ಪಕ್ಷದ ಮಹಿಮೆಯನ್ನು ಸಾರಿದವನೇ ಪಕ್ಷದಲ್ಲಿ ಒಂಟಿಯಾದನು. 1794ರಲ್ಲಿ ಒಬ್ಬನೇ ಉಳಿದಿದ್ದ ಮಗನೂ ತೀರಿಕೊಂಡನು. ಮರಣಶಯ್ಯೆಯಲ್ಲಿದ್ದಾಗ ಫಾಕ್ಸನು ನೋಡಲು ಬಯಸಿದರೂ ಬರ್ಕನು ಒಪ್ಪಲಿಲ್ಲ. ಭೇಟಿಯಾದರೆ ತನ್ನ ತತ್ತ್ವದ ಪ್ರಾಮಾಣಿಕತೆಯನ್ನು ಜನರು ಶಂಕಿಸಬಹುದೆಂಬುದು ಆತನ ಅಳುಕು. 1797ರ ಜುಲೈ 9ರಂದು ಬೀಕನ್ಸ್‌ಫೀಲ್ಡಿನಲ್ಲಿ ದೇಹಬಿಟ್ಟನು.

ಬರ್ಕನಲ್ಲಿ ಕುಂದುಗಳಿರಲಿಲ್ಲವೆಂದಲ್ಲ. ಮತದಾನದ ಹಕ್ಕನ್ನು ಸಾಮಾನ್ಯರಿಗೆ ವಿಸ್ತರಿಸುವುದನ್ನು ಆತನು ಕೊನೆಯವರೆಗೂ ವಿರೋಧಿಸಿದನು. ಮತದಾರರ ಕೋಪದಿಂದ ಆತನನ್ನು ಕಾಪಾಡಿದುದೂ ಒಬ್ಬ ಪ್ರಭುವಿನ ಕೃಪೆಯೇ. ಆದರೆ ಆತನು ಎತ್ತಿದ ಪ್ರಶ್ನೆ ಮುಪ್ಪಾಗಿಲ್ಲ. ಭಾರತದಲ್ಲಿ 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯಂತೆ, ಪಕ್ಷದ ಆದೇಶವನ್ನು ಮೀರಿ ಸದನದಲ್ಲಿ ಮತ ಹಾಕಿದ ಸದಸ್ಯನು ತನ್ನ ಸ್ಥಾನವನ್ನೇ ಕಳೆದುಕೊಳ್ಳಬಹುದು. ಪದವಿಗಾಗಿ ಪಕ್ಷಾಂತರ ಮಾಡುವವರನ್ನು ತಡೆಯಲು ಈ ನಿಯಮ ಬಂದಿತು. ಆತ್ಮಸಾಕ್ಷಿಯಿಂದ ಬೇರೆ ನಿಲ್ಲುವವನಿಗೂ ಅದು ಅನ್ವಯಿಸುತ್ತದೆ. ಲಾಭಕ್ಕಾಗಿ ಪಕ್ಷ ಬಿಡುವವನನ್ನೂ ನಷ್ಟವುಂಟೆಂದು ತಿಳಿದೂ ಬೇರೆ ನಿಲ್ಲುವವನನ್ನೂ ಬೇರ್ಪಡಿಸಿ ನೋಡುವ ಹೊಣೆ ಕಾನೂನಿಗಿಂತ ಹೆಚ್ಚಾಗಿ ಮತ ಹಾಕುವ ಗೃಹಸ್ಥನದು. ಬ್ರಿಸ್ಟಲಿನ ವರ್ತಕರು ಆ ವಿವೇಚನೆಯಲ್ಲಿ ತಪ್ಪಿದುದರಿಂದಲೇ ತಮ್ಮ ಕಾಲದ ಅತ್ಯುತ್ತಮ ಪ್ರತಿನಿಧಿಯನ್ನು ಕೈಬಿಟ್ಟರು.